ಧಾರವಾಡದ ಕಲ್ಲಿಗೆ ಧಾರವಾಡದಲ್ಲೇ ಒಂದು ಗೋಡೆ ಬೇಕು

ಕೆನಡಾ, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳ ಭೂವಿಜ್ಞಾನದ ತರಗತಿಗಳಲ್ಲಿ ಧಾರವಾಡ ಎಂಬುದು ಊರಿನ ಹೆಸರಲ್ಲ, ಕಲ್ಲಿನ ಹೆಸರು. ಭೂಮಿಯ ಮೇಲೆ ಇನ್ನೂ ಉಳಿದಿರುವ ಅತಿ ಹಳೆಯ ನೆಲದ ತುಂಡುಗಳನ್ನು ಎಣಿಸುವಾಗ ಕಾಪ್‌ವಾಲ್, ಪಿಲ್ಬಾರಾ, ಸುಪೀರಿಯರ್ ಜೊತೆಗೆ ಧಾರವಾಡವನ್ನೂ ಹೇಳುತ್ತಾರೆ. ಕರ್ನಾಟಕದ ಬಹುಭಾಗ, ಆಂಧ್ರ–ತೆಲಂಗಾಣಗಳ ದೊಡ್ಡ ಪಾಲು ಕೂತಿರುವುದು ‘ಧಾರವಾಡ ಕ್ರೇಟಾನ್’ ಎಂಬ ಈ ಗಟ್ಟಿ ತಳದ ಮೇಲೆ. ಆ ಹೆಸರನ್ನು ಓದಿ, ಮೂಲ ಊರಿನಲ್ಲೇ ಮೂಲ ಕಲ್ಲನ್ನು ನೋಡಬೇಕೆಂದು ಯಾರಾದರೂ ಹುಬ್ಬಳ್ಳಿಯಲ್ಲಿ ರೈಲಿಳಿದರೆ ಅವರನ್ನು ಎಲ್ಲಿಗೆ ಕರೆದೊಯ್ಯುವುದು? ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಕರೆದೊಯ್ಯಬಹುದು. ಅಲ್ಲಿ ಕಲಿತವರಿದ್ದಾರೆ, ಕಲಿಸುವವರಿದ್ದಾರೆ. ಆದರೆ ನೆಲದೊಳಗೆ ಕಲ್ಲು ಹೇಗೆ ಇದೆಯೋ ಹಾಗೆಯೇ ತೋರಿಸುವ, ಶಾಲೆಯ ಮಕ್ಕಳೂ ಹೋಗಿ ನಿಂತು ನೋಡಬಹುದಾದ ಜಾಗ ನಮ್ಮ ಅವಳಿ ನಗರದಲ್ಲಿ ಇಲ್ಲ.

ಈ ಹೆಸರು ಇಟ್ಟವರು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿ, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದವರು. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಶಿಲಾಯುಗದ ಕೈಕೊಡಲಿಯನ್ನು ಎತ್ತಿಕೊಂಡವರು ಎಂದು ಇತಿಹಾಸದ ಪುಸ್ತಕಗಳು ಅವರನ್ನು ನೆನೆಯುತ್ತವೆ. ಆದರೆ ಅವರ ಮುಖ್ಯ ಉದ್ಯೋಗ ಕಲ್ಲಿನ ನಕ್ಷೆ ಬರೆಯುವುದು. ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳನ್ನು ವರ್ಷಗಟ್ಟಲೆ ತಿರುಗಿ, ಆಗ ‘ದಕ್ಷಿಣ ಮರಾಠಾ ಸೀಮೆ’ ಎನ್ನುತ್ತಿದ್ದ ಈ ನಾಡಿನ ಭೂರಚನೆಯ ಬಗ್ಗೆ 1876ರಲ್ಲಿ ದೊಡ್ಡ ವರದಿಯೊಂದನ್ನು ಪ್ರಕಟಿಸಿದರು. ಹತ್ತು ವರ್ಷದ ಮೇಲೆ, 1886ರಲ್ಲಿ, ಬಳ್ಳಾರಿ–ಅನಂತಪುರದ ಕಡೆಯ ಕಲ್ಲುಗಳ ಬಗ್ಗೆ ಬರೆಯುವಾಗ, ಪಟ್ಟೆ ಪಟ್ಟೆಯಾಗಿ ಹಬ್ಬಿದ ಈ ಹಳೇ ಪದರುಗಲ್ಲುಗಳು ಸುತ್ತಲಿನ ಗ್ರಾನೈಟಿನಂಥ ನೈಸ್ ಕಲ್ಲಿಗಿಂತ ಬೇರೆ ಎಂದು ಗುರುತಿಸಿ ಅವಕ್ಕೆ ಧಾರವಾಡದ ಹೆಸರಿಟ್ಟರು. 1888ರ ಅವರ ಲೇಖನವೊಂದರ ಶೀರ್ಷಿಕೆಯಲ್ಲೇ, ದಕ್ಷಿಣ ಭಾರತದಲ್ಲಿ ಚಿನ್ನ ಹೊತ್ತಿರುವ ಮುಖ್ಯ ಶಿಲಾಸರಣಿ ಈ ಧಾರವಾಡ ಎಂಬ ಮಾತಿದೆ. ಕೋಲಾರದಲ್ಲಿ ಆಗ ಚಿನ್ನದ ಗಣಿಗಳು ಏಳುತ್ತಿದ್ದ ಕಾಲ. ಹೆಸರು ಬೇಗ ಹರಡಿದ್ದಕ್ಕೆ ಚಿನ್ನವೂ ಒಂದು ಕಾರಣ.

ಕಲ್ಲು ಮಾತ್ರ ಚಿನ್ನಕ್ಕಿಂತ ಸ್ವಾರಸ್ಯದ್ದು. ಧಾರವಾಡ ಸರಣಿಯ ಕಲ್ಲುಗಳಿಗೆ ಸುಮಾರು 290ರಿಂದ 255 ಕೋಟಿ ವರ್ಷಗಳ ವಯಸ್ಸು. ಹುಬ್ಬಳ್ಳಿ, ಧಾರವಾಡ, ರಾಣೆಬೆನ್ನೂರು ಕಡೆಯವು ಈ ಸರಣಿಯ ಮೇಲಿನ, ಅಂದರೆ ಎಳೆಯ ಭಾಗಕ್ಕೆ ಸೇರಿದವು; ಎಳೆಯದು ಎಂದರೂ ಸುಮಾರು 260 ಕೋಟಿ ವರ್ಷ. ಆಗ ಇಲ್ಲಿ ಸಮುದ್ರವಿತ್ತು. ದಂಡೆಯ ಕಡೆಯಿಂದ ಕೆಸರೂ ಮರಳೂ ಕಲಸಿದ ನೀರು ಇಳಿಜಾರಿನಲ್ಲಿ ಧುಮುಕಿ ಆಳಕ್ಕೆ ಹೋಗಿ ಕೂರುತ್ತಿತ್ತು. ಹಾಗೆ ಕೂತ ಮರಳೇ ಇಂದಿನ ಗ್ರೇವ್ಯಾಕ್ ಎಂಬ ಬೂದುಗಲ್ಲು. ನುಣುಪು ಕೆಸರು ಒತ್ತಡಕ್ಕೆ ಸಿಕ್ಕಿ ಫಿಲೈಟ್ ಎಂಬ ತೆಳುಹಾಳೆಯ ಕಲ್ಲಾಯಿತು. ನಡುನಡುವೆ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಕೆಂಪು–ಕಪ್ಪು ಪಟ್ಟೆಗಳಾಯಿತು. ಗಾಳಿಯಲ್ಲಿ ಆಗ ನಾವು ಉಸಿರಾಡುವಂಥ ಆಮ್ಲಜನಕ ಇರಲಿಲ್ಲ. ಅದನ್ನು ಹುಟ್ಟಿಸುತ್ತಿದ್ದ ಸೂಕ್ಷ್ಮಜೀವಿಗಳು ಆಳವಲ್ಲದ ನೀರಿನಲ್ಲಿ ಚಾಪೆಯ ಹಾಗೆ ಬೆಳೆಯುತ್ತಿದ್ದವು. ಅವು ಬಿಟ್ಟುಹೋದ ಪದರಗಳು ಚಿತ್ರದುರ್ಗದ ಭೀಮಸಮುದ್ರ, ದಾವಣಗೆರೆಯ ಜೋಳದಾಳ್ ಕಡೆಯ ಸುಣ್ಣಗಲ್ಲಿನಲ್ಲಿ ಇವತ್ತಿಗೂ ಕಾಣುತ್ತವೆ. ಹುಬ್ಬಳ್ಳಿ–ಧಾರವಾಡದಲ್ಲಿ ಮನೆ ಕಟ್ಟಲು ಬುನಾದಿ ಅಗೆಸಿದವರಿಗೆ ಹಳದಿ, ನೇರಳೆ, ಬಿಳಿ, ಇಟ್ಟಿಗೆ ಬಣ್ಣದ ಮೆತ್ತನೆಯ ಮಣ್ಣುಗಲ್ಲು ಸಿಕ್ಕಿರುತ್ತದೆ. ಗುತ್ತಿಗೆದಾರರು ಅದನ್ನು ಗರಸು ಎಂದು ಟ್ರ್ಯಾಕ್ಟರಿಗೆ ಹೇರಿ ಕಳಿಸಿಬಿಡುತ್ತಾರೆ. ಅದು ಮಳೆ ಗಾಳಿಗೆ ಕೊಳೆತ ಸಮುದ್ರದ ಕೆಸರು. ಹಾಳೆ ಹಾಳೆಯಾಗಿ ಬಿಡಿಸಿ ನೋಡಿದರೆ ಅದರ ಪದರು ಇನ್ನೂ ಹಾಗೇ ಇರುತ್ತದೆ.

ಸಮುದ್ರದ ತಳದಲ್ಲಿ ಪದರು ಅಡ್ಡಕ್ಕೆ ಮಲಗಿರುತ್ತದೆ. ನಮ್ಮಲ್ಲಿ ಅದು ನಿಂತಿದೆ. ಹುಬ್ಬಳ್ಳಿಯ ಹೊರವಲಯದ ಕ್ವಾರಿಯೊಂದರ ಅಂಚಿನಲ್ಲಿ ಕಲ್ಲು ಸೀಳುತ್ತಿದ್ದ ಹಿರಿಯರೊಬ್ಬರನ್ನು, ‘ಯಜಮಾನ್ರ, ಇಷ್ಟ ಸಲೀಸ ಹೆಂಗ ಸೀಳತೀರಿ?’ ಎಂದು ಕೇಳಿದ್ದೆ. ‘ಇಲ್ಲಿ ಕಲ್ಲ ಮಲಗಿಲ್ರೀ ಸರ, ನಿಂತಾವು. ಸುತ್ತಿಗಿ ಮ್ಯಾಲಿಂದನ ಬೀಳಬೇಕು. ಬಗಲಿಂದ ಹೊಡದ್ರ ದಿನಾ ಮುಗದ್ರೂ ಸೀಳೂದಿಲ್ಲ’ ಎಂದರು. ಭೂವಿಜ್ಞಾನದ ವಿದ್ಯಾರ್ಥಿ ಕಂಪಾಸು ಹಿಡಿದು ಅಳೆಯುವುದೂ ಇದನ್ನೇ. ಒಂದರ ಮೇಲೊಂದು ಹಾಸಿದ ಕಂಬಳಿಗಳನ್ನು ಎರಡೂ ಬದಿಯಿಂದ ತಳ್ಳಿದರೆ ನಡುವೆ ಅವು ಮಡಿಕೆಯಾಗಿ ಎದ್ದು ನಿಲ್ಲುವಂತೆ, ಎರಡು ಕಡೆಯ ನೆಲ ಒತ್ತಿದಾಗ ಈ ಪದರುಗಳು ಮಡಿಚಿ ನೆಟ್ಟಗಾದವು. ಮಡಿಕೆಯ ನೆತ್ತಿಯನ್ನು ಮಳೆ ಗಾಳಿ ಸವೆಸಿವೆ. ಉಳಿದಿರುವುದು ನಿಂತ ಬದಿಗಳು.

ನಿಂತ ಪದರಿನಲ್ಲಿ ಯಾವ ಕಡೆ ಹಳೆಯದು, ಯಾವ ಕಡೆ ಹೊಸದು? ಇದನ್ನು ತಿಳಿಯುವ ಬಗೆ ಎಂಟನೆಯ ತರಗತಿಯ ಮಗುವಿಗೂ ಅರ್ಥವಾಗುವಂಥದು. ಕೆಸರುನೀರು ನಿಂತಾಗ ದಪ್ಪ ಮರಳು ಮೊದಲು ತಳಕ್ಕಿಳಿಯುತ್ತದೆ, ನುಣುಪು ಕೆಸರು ನಿಧಾನವಾಗಿ ಅದರ ಮೇಲೆ ಕೂರುತ್ತದೆ. ಗ್ರೇವ್ಯಾಕಿನ ಒಂದೇ ಪದರಿನಲ್ಲಿ ಒಂದು ಬದಿಗೆ ಬೆರಳಾಡಿಸಿದರೆ ಒರಟು, ಇನ್ನೊಂದು ಬದಿಗೆ ನಯ. ಒರಟಾಗಿರುವ ಬದಿ ಹಿಂದೆ ಕೆಳಗಿದ್ದದ್ದು. ಹೀಗೆ ಪದರು ಪದರನ್ನೂ ಮುಟ್ಟುತ್ತ ಹೋದರೆ ಒಂದು ಕಡೆ ದಿಕ್ಕು ತಟ್ಟನೆ ತಿರುಗುತ್ತದೆ. ನಯವಾದ ಬದಿ ಇದ್ದಲ್ಲಿ ಒರಟು ಬರುತ್ತದೆ. ಅಲ್ಲಿ ಮಡಿಕೆ ತಿರುಗಿದೆ ಎಂದರ್ಥ. ಇಡೀ ಬೆಟ್ಟದ ಮಡಿಕೆಯನ್ನು ಬೆರಳ ತುದಿಯಿಂದ ಓದುವ ಈ ವಿದ್ಯೆಗೆ ಬೇಕಾಗಿರುವುದು ನಾಲ್ಕಾರು ಮಾರು ಉದ್ದದ, ಕಡಿದ, ತೊಳೆದ ಕಲ್ಲಿನ ಗೋಡೆ. ಡಬ್ಬಿಯಲ್ಲಿಟ್ಟ ತುಣುಕಿನಲ್ಲಿ ಇದು ಸಾಧ್ಯವಿಲ್ಲ. ತುಣುಕು ತನ್ನ ಬಣ್ಣ, ತೂಕ, ಹರಳು ಇವನ್ನು ಹೇಳುತ್ತದೆ. ತನ್ನ ಅಕ್ಕಪಕ್ಕದಲ್ಲಿ ಯಾರಿದ್ದರು, ಯಾರು ಮೊದಲು ಬಂದರು ಎಂಬುದನ್ನು ಹೇಳುವುದಿಲ್ಲ.

ಅಕ್ಕಪಕ್ಕದ ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಧಾರವಾಡದ ಹೆಸರಿನಲ್ಲೇ ನಡೆದ ಒಂದು ಹಳೇ ಜಗಳ ಸಾಕ್ಷಿ. ಪದರುಗಲ್ಲು ಮೊದಲೋ ನೈಸ್ ಮೊದಲೋ? ಫೂಟ್ ಅವರ ಎಣಿಕೆಯಲ್ಲಿ ನೈಸ್ ತಳ, ಅದರ ಮೇಲೆ ಕೂತದ್ದು ಧಾರವಾಡ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಹೊಣೆ ಹೊತ್ತವರೂ ಫೂಟ್ ಅವರೇ. ಆದರೆ ಮುಂದೆ ಅದೇ ಇಲಾಖೆಯ ಮುಖ್ಯಸ್ಥರಾದ ಡಬ್ಲ್ಯೂ.ಎಫ್. ಸ್ಮೀತ್ ಇದನ್ನು ತಲೆಕೆಳಗು ಮಾಡಿದರು. ಧಾರವಾಡವೇ ಎಲ್ಲಕ್ಕಿಂತ ಹಳೆಯದು, ನೈಸ್ ಕರಗಿದ ಸ್ಥಿತಿಯಲ್ಲಿ ಕೆಳಗಿನಿಂದ ನುಗ್ಗಿ ಅದನ್ನು ಸೀಳಿತು ಎಂದರು. ಪದರಿನೊಳಗೆ ಕಾಣುವ ದುಂಡು ಕಲ್ಲುಗಳು ಹೊಳೆಯಲ್ಲಿ ಉರುಳಿ ಬಂದವಲ್ಲ, ಒತ್ತಡದಲ್ಲಿ ಜಜ್ಜಿಹೋದ ಚೂರುಗಳು ಎಂಬುದು ಆ ಪಂಥದ ವಾದ. ಬಿ. ರಾಮರಾವ್, ಸಿ.ಎಸ್. ಪಿಚ್ಚಮುತ್ತು ಅವರಂಥವರು ಇವು ನೀರಿನಲ್ಲಿ ಕೂತ ಕೆಸರು–ಮರಳಿನ ಕಲ್ಲುಗಳೇ ಎಂಬ ಮಾತಿಗೆ ಮತ್ತೆ ಬಲ ಕೊಟ್ಟರು.

ಉತ್ತರ ಇದ್ದದ್ದು ಕಲ್ಲುಗಳು ಕೂಡುವ ಗಡಿಯಲ್ಲಿ. ಚಿಕ್ಕಮಗಳೂರು ಕಡೆಯ ಕಲ್ದುರ್ಗದ ಉಂಡೆಗಲ್ಲಿನ ಪದರಿನಲ್ಲಿ ನೈಸ್ ಕಲ್ಲಿನ ದುಂಡು ಗುಂಡುಗಳೇ ಹುದುಗಿವೆ. ಧಾರವಾಡದ ಪದರು ಕೂಡುವಾಗ ನೈಸ್ ಆಗಲೇ ಇತ್ತು, ಸವೆದಿತ್ತು, ಹೊಳೆಯಲ್ಲಿ ಉರುಳುತ್ತಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಕಳೆದ ಶತಮಾನದ ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ಕಲ್ಲಿನ ವಯಸ್ಸನ್ನು ವಿಕಿರಣದಿಂದ ಅಳೆದಾಗ ಕರ್ನಾಟಕದ ಕೆಲವು ನೈಸ್‌ಗಳು 300 ಕೋಟಿ ವರ್ಷ ದಾಟಿದವು. ಆ ನೈಸ್‌ನೊಳಗೇ ಸಿಕ್ಕಿಕೊಂಡ, ಅದಕ್ಕಿಂತಲೂ ಹಳೆಯ ಪದರುಗಲ್ಲಿನ ತುಂಡುಗಳೂ ಇವೆಯೆಂದು ಗೊತ್ತಾಯಿತು. 1981ರಲ್ಲಿ ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್ ಅವರ ಸಂಪಾದನೆಯಲ್ಲಿ ಬಂದ ಗ್ರಂಥ ಅವನ್ನು ಸರಗೂರು ಗುಂಪು ಎಂದು ಬೇರೆ ಮಾಡಿ, ಧಾರವಾಡವನ್ನು ಅದರ ಮೇಲೆ ಇಟ್ಟಿತು. ಸ್ಮೀತ್ ಕಂಡ ನುಗ್ಗಿದ ನೈಸ್ ಸುಳ್ಳಾಗಲಿಲ್ಲ, ಅವರು ನೋಡಿದ್ದರಲ್ಲಿ ಒಂದಷ್ಟು ಈ ಹಳೇ ತುಂಡುಗಳ ಸುತ್ತ ಇದ್ದದ್ದು. ಮುಖ್ಯ ಮಾತಿನಲ್ಲಿ ಫೂಟ್ ಗೆದ್ದರು. ಸುಮಾರು ಒಂದು ಶತಮಾನ ನಡೆದ ಈ ವಾದದಲ್ಲಿ ಪ್ರತಿಸಲವೂ ತೀರ್ಪು ಬಂದದ್ದು ಯಾರೋ ಒಂದು ಕಲ್ಲಿನ ಗಡಿಯ ಮುಂದೆ ಹೋಗಿ ನಿಂತಾಗ.

ಆದ್ದರಿಂದಲೇ ಭೂವಿಜ್ಞಾನದ ನಿಜವಾದ ಮ್ಯೂಸಿಯಂ ಕಟ್ಟಡದಲ್ಲಿ ಅಲ್ಲ, ಕಡಿದ ಕಲ್ಲಿನ ಎದುರಿಗೆ ಇರಬೇಕೆಂದು ನಾನು ಹೇಳುವುದು. ಜಪಾನಿನ ಉತ್ಸುನೊಮಿಯಾ ನಗರದ ಓಯಾ ಎಂಬಲ್ಲಿ ಜ್ವಾಲಾಮುಖಿಯ ಬೂದಿಯಿಂದಾದ ಹಗುರ ಕಲ್ಲನ್ನು 1919ರಿಂದ 1986ರ ತನಕ ನೆಲದೊಳಗೆ ಕೊರೆದು ತೆಗೆದರು. ಟೋಕಿಯೊದ ಹೆಸರಾಂತ ಇಂಪೀರಿಯಲ್ ಹೋಟೆಲನ್ನು ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ್ದೂ ಓಯಾ ಕಲ್ಲಿನಿಂದ. ಕಲ್ಲು ಹೋಗಿ ಉಳಿದ ಆ ಖಾಲಿ ಜಾಗ, ಸುಮಾರು 30 ಮೀಟರ್ ಆಳದ, ಕಂಬಗಳ ಮೇಲೆ ನಿಂತ ದೊಡ್ಡ ಗುಹೆ, ಈಗ ಮ್ಯೂಸಿಯಂ. ಕೈಗುದ್ದಲಿಯಿಂದ ಕಡಿದ ಕಾಲದ ಗುರುತು ಒಂದು ಬಗೆ, ಯಂತ್ರ ಬಂದ ಮೇಲಿನದು ಇನ್ನೊಂದು ಬಗೆ. ಗೋಡೆ ನೋಡುತ್ತ ನಡೆದರೆ ಕಲ್ಲಿನ ಕಥೆಯ ಜೊತೆಗೆ ದುಡಿದವರ ಕಥೆಯೂ ತಿಳಿಯುತ್ತದೆ. ವೇಲ್ಸ್‌ನ ಬ್ಲೇನಾವನ್‌ನಲ್ಲಿ 1980ರಲ್ಲಿ ಮುಚ್ಚಿದ ಬಿಗ್ ಪಿಟ್ ಕಲ್ಲಿದ್ದಲ ಗಣಿಯನ್ನು 1983ರಲ್ಲಿ ಸಾರ್ವಜನಿಕರಿಗೆ ತೆರೆದರು. ಗಣಿಯ ಲಿಫ್ಟಿನಲ್ಲೇ 90 ಮೀಟರ್ ಕೆಳಗಿಳಿಯಬೇಕು. ದಾರಿ ತೋರಿಸಿದವರು ಅದೇ ಕಸುಬಿನಲ್ಲಿ ಬದುಕಿದ ಗಣಿ ಕೆಲಸಗಾರರು. ಬೆಂಕಿ ಹತ್ತುವ ಅನಿಲದ ಭಯ ಇರುವುದರಿಂದ ಮೊಬೈಲು, ಬ್ಯಾಟರಿ ಗಡಿಯಾರ ಎಲ್ಲವನ್ನೂ ಮೇಲೆಯೇ ಬಿಟ್ಟು ಇಳಿಯಬೇಕು. ಗಣಿ ಮುಚ್ಚಿದ ಮೂರೇ ವರ್ಷದಲ್ಲಿ ಈ ಕೆಲಸ ಆದದ್ದು ದೊಡ್ಡ ಮಾತು. ತಡ ಮಾಡಿದರೆ ನೀರು ತುಂಬುತ್ತದೆ, ಆಸರೆ ಕೊಳೆಯುತ್ತದೆ, ಗೊತ್ತಿದ್ದವರು ಊರು ಬಿಡುತ್ತಾರೆ. ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಮೂರು ಕಿ.ಮೀ. ದಾಟಿದ ಆಳ, 1965ರಲ್ಲಿ ವಾತಾವರಣದ ನ್ಯೂಟ್ರಿನೊ ಕಣಗಳನ್ನು ಹಿಡಿದ ಪ್ರಯೋಗ, ತಲೆಮಾರುಗಟ್ಟಲೆ ದುಡಿದ ಜನ, ಇಷ್ಟೆಲ್ಲ ಇದ್ದೂ ಜನ ಇಳಿದು ನೋಡುವಂಥ ಒಂದು ಸುರಂಗವನ್ನು ನಾವು ಅಲ್ಲಿ ಉಳಿಸಿಕೊಳ್ಳಲಿಲ್ಲ. ಅದು ನನ್ನನ್ನು ಬಹಳ ನೋಯಿಸುತ್ತದೆ.

ಹುಬ್ಬಳ್ಳಿಯಿಂದ ನೂರು ಕಿ.ಮೀ. ಆಸುಪಾಸಿನಲ್ಲಿ, ಕಲ್ಲನ್ನು ಕೊರೆದು ಟೊಳ್ಳು ಮಾಡಿದ, ಒಳಗೆ ನಿಂತು ಪದರು ಓದಬಹುದಾದ ಒಂದು ಜಾಗ ಆಗಲೇ ಇದೆ. ನಾವು ಅದನ್ನು ಹಾಗೆಂದು ಕರೆಯುವುದಿಲ್ಲ, ಅಷ್ಟೆ. ಬಾದಾಮಿಯ ಗುಹೆಗಳು. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು. ಅಲ್ಲಿನ ವಿಷ್ಣು, ನರಸಿಂಹ, ತ್ರಿವಿಕ್ರಮರನ್ನು ನೋಡಿ ಮುಗಿದ ಮೇಲೆ ಒಂದು ಗಳಿಗೆ ಕಂಬವನ್ನೇ ನೋಡಿ. ಕೆಂಪು ಮರಳುಗಲ್ಲಿನಲ್ಲಿ ಓರೆಯಾಗಿ ಎಳೆದಂತೆ ಗೆರೆಗಳಿವೆ. ಒಂದು ಕಡೆ ವಾಲಿದ ಗೆರೆಗಳ ಗುಂಪಿನ ನೆತ್ತಿಯನ್ನು ಅಡ್ಡ ಗೆರೆಯೊಂದು ಕತ್ತರಿಸುತ್ತದೆ, ಅದರ ಮೇಲೆ ಇನ್ನೊಂದು ಗುಂಪು ಶುರುವಾಗುತ್ತದೆ. ಇದು ಹರಿಯುವ ನೀರು ಮರಳನ್ನು ದಿಬ್ಬ ದಿಬ್ಬವಾಗಿ ತಳ್ಳಿಕೊಂಡು ಹೋದ ಗುರುತು. ಗೆರೆ ಯಾವ ಕಡೆಗೆ ಇಳಿಯುತ್ತದೋ ಆ ಕಡೆಗೆ ನೀರು ಹರಿಯುತ್ತಿತ್ತು. ಈ ಕಲ್ಲು ಧಾರವಾಡದಷ್ಟು ಹಳೆಯದಲ್ಲ, ಆದರೂ ಇದರಲ್ಲಿ ಚಿಪ್ಪಿಲ್ಲ, ಮೂಳೆಯಿಲ್ಲ. ಅಂಥ ಜೀವಿಗಳಿಗಿಂತ ಹಿಂದಿನ ಹೊಳೆ ಅದು. ಭೂವಿಜ್ಞಾನಿಗಳು ಈ ಪದರಿಗೆ ಕೊಟ್ಟ ಹೆಸರೇ ‘ಕೇವ್ ಟೆಂಪಲ್ ಅರೆನೈಟ್’, ಗುಹಾಲಯದ ಮರಳುಗಲ್ಲು. ಚಾಲುಕ್ಯರ ಶಿಲ್ಪಿಗಳ ಕೊರೆತ ಒಂದು ಶಿಲಾಪದರಿನ ಶಾಸ್ತ್ರೀಯ ಹೆಸರಾಗಿ ನಿಂತಿದೆ. ಶಾಲಾ ಪ್ರವಾಸದಲ್ಲಿ ಬರುವ ಸಾವಿರಾರು ಮಕ್ಕಳಿಗೆ ಈ ಗೆರೆಗಳನ್ನು ತೋರಿಸಲು ಒಂದು ಸಣ್ಣ ಕನ್ನಡ ಫಲಕ ಸಾಕು. ಪಟ್ಟದಕಲ್ಲಿನ ಉತ್ತರಕ್ಕೆ, ಕೆಲವೇ ಕಿ.ಮೀ. ದೂರದಲ್ಲಿ, ಆ ಗುಡಿಗಳಿಗೆ ಕಲ್ಲು ಒದಗಿಸಿದ ಹಳೇ ಖಣಿಯೂ ಇದೆ. ಬಂಡೆಯ ಮೇಲೆ ಕಲ್ಲುಕುಟಿಕರು ಬಿಟ್ಟ ಕೊರೆಚಿತ್ರ, ಅಕ್ಷರಗಳು ಉಳಿದಿವೆ.

ಬಾದಾಮಿಯಿಂದ ಲಕ್ಕುಂಡಿಗೆ ಬಂದರೆ ಗುಡಿಯ ಕಲ್ಲೇ ಬದಲಾಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಲಕ್ಕುಂಡಿ, ಡಂಬಳ, ಅಣ್ಣಿಗೇರಿ ಕಡೆ ಮರಳುಗಲ್ಲಿನ ದೊಡ್ಡ ದಿಮ್ಮಿಗಳ ಬದಲು ಹಸಿರುಗಪ್ಪಿನ ಬಳಪದ ಕಲ್ಲು ಬಂತು. ಅದು ಧಾರವಾಡ ಸರಣಿಯ ಕಲ್ಲು. ಲಾವಾ ಕಲ್ಲಿನಂಥದು ಶಾಖ, ಒತ್ತಡ, ನೀರಿನಿಂದ ರೂಪ ಬದಲಿಸಿ ಮೆತ್ತಗಾದದ್ದು. ಚಾಣ ಹೇಳಿದಂತೆ ಮಣಿಯುತ್ತದೆ. ತಿರುಗಿಸಿ ಕಡೆದ ಆ ಹೊಳೆಯುವ ಕಂಬಗಳು, ಬೆರಳುಗಾತ್ರದ ಬಳ್ಳಿ ಕೆತ್ತನೆ, ಎಲ್ಲವೂ ಈ ಮೆದು ಕಲ್ಲಿನ ಕೊಡುಗೆ. ಶೈಲಿಯ ಇತಿಹಾಸ ಬರೆಯುವವರು ರಾಜರ ಹೆಸರು ಹೇಳುತ್ತಾರೆ. ಖಣಿಯ ಹೆಸರನ್ನೂ ಹೇಳಬೇಕು.

ಇನ್ನು ಸುರಂಗದ ಮಾತು. ನಮ್ಮ ಸೀಮೆಯಲ್ಲಿ ಧಾರವಾಡ ಕಲ್ಲಿನೊಳಗೆ ಕೊರೆದ ಹಳೇ ಸುರಂಗಗಳು ಇರುವುದು ಗದಗಿನ ಕಪ್ಪತಗುಡ್ಡದಲ್ಲಿ. ಮಳೆ ಬಿದ್ದು ಹಳ್ಳ ಹರಿದ ಮೇಲೆ ಉಸುಕು ತೊಳೆದು ಚಿನ್ನದ ಕಣ ಹೆಕ್ಕುವ ಜಾಲಗಾರರು ಅಲ್ಲಿ ತಲೆತಲಾಂತರದಿಂದ ಇದ್ದರು. ಫೂಟ್ ಈ ಗುಡ್ಡದ ಚಿನ್ನದ ಕಲ್ಲುಗಳ ಬಗ್ಗೆ 1874ರಲ್ಲೇ ಬರೆದರು. ಆಗ ಇದು ಡಂಬಳದ ಗುಡ್ಡ, ಧಾರವಾಡ ಜಿಲ್ಲೆ. ಸೂರತೂರು, ಡೋಣಿ ಕಡೆಯ ಹಳ್ಳಗಳನ್ನು ಅವರು ನೋಡಿದ್ದರು. ಕಳೆದ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಬಂದು ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿ ಸುತ್ತ ಗುಡ್ಡ ಕೊರೆದವು. ಕೋಲಾರದಂಥ ಸಿರಿ ಸಿಗಲಿಲ್ಲ, ಕೆಲವೇ ವರ್ಷಗಳಲ್ಲಿ ಬಿಟ್ಟುಹೋದವು. ಚಿನ್ನ ಅಲ್ಲಿಗೆ ಬಂದದ್ದು ಹೇಗೆಂದರೆ, ಪದರುಗಳು ಒತ್ತಿ ಮಡಿಚಿ ಬಿರಿದಾಗ, ಆಳದ ಬಿಸಿನೀರು ಆ ಬಿರುಕುಗಳಲ್ಲಿ ಹರಿದು, ತಣ್ಣಗಾಗುತ್ತ ಬೆಣಚುಕಲ್ಲನ್ನೂ ಅದರ ಜೊತೆ ಚೂರುಪಾರು ಚಿನ್ನವನ್ನೂ ಇಳಿಸಿತು. ಸುಮಾರು 250 ಕೋಟಿ ವರ್ಷಗಳ ಹಿಂದಿನ ಸಂಗತಿ. ಗಣಿಯವರು ಬೆನ್ನು ಹತ್ತಿದ್ದು ಈ ಬಿಳಿ ಗೆರೆಯನ್ನು.

ಈ ಸುರಂಗಗಳನ್ನು ತೆರೆದು ಮ್ಯೂಸಿಯಂ ಮಾಡಿ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ನಾನು ಬೇಡ ಎನ್ನುತ್ತೇನೆ. ಚಿನ್ನದ ಜೊತೆಗೆ ಅಲ್ಲಿನ ಕಲ್ಲಿನಲ್ಲಿ ಗಂಧಕ, ಆರ್ಸೆನಿಕ್ ಬೆರೆತ ಖನಿಜಗಳಿವೆ. ಅವು ತೇವದಲ್ಲಿ ನಿಧಾನವಾಗಿ ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಗಾಳಿ ಆಡದ ಸುರಂಗದಲ್ಲಿ ಹತ್ತು ಹೆಜ್ಜೆ ಒಳಗೆ ಹೋದವರಿಗೆ ವಾಸನೆಯಿಲ್ಲ, ಹೊಗೆಯಿಲ್ಲ, ಏನೂ ತಿಳಿಯದೆ ಜ್ಞಾನ ತಪ್ಪಬಹುದು. ನೆಲದಲ್ಲಿ ನೀರು ತುಂಬಿದ ಬಾವಿಯಂಥ ಗುಂಡಿ ಇರಬಹುದು. ನೂರು ವರ್ಷದ ಹಿಂದಿನ ಮರದ ಆಸರೆ ಕೊಳೆತು ಸೂರು ಸಡಿಲಾಗಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಪ್ಪತಗುಡ್ಡವನ್ನು ಗಣಿಯಿಂದ ಉಳಿಸಿಕೊಳ್ಳಲು ಗದಗಿನ ಜನ, ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ, ದೊಡ್ಡ ಹೋರಾಟ ಮಾಡಿದ್ದಾರೆ. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಸುರಂಗ ಈಗ ಬಾವಲಿಗಳದು, ಗುಡ್ಡ ಔಷಧಿ ಗಿಡಗಳದು. ಬಾಯಿಗೆ ಕಬ್ಬಿಣದ ಸರಳು ಹಾಕಿ, ಹೊರಗೆ ಒಂದು ಫಲಕ ನಿಲ್ಲಿಸಿ, ಜಾಲಗಾರರ ಕಥೆ, ಬಿಳಿ ಗೆರೆಯ ಕಥೆ ಬರೆದರೆ ಅಲ್ಲಿಗೆ ಆಗಬೇಕಾದ ಕೆಲಸ ಆದಂತೆ.

ಮಕ್ಕಳನ್ನು ಒಯ್ಯಲು ಯೋಗ್ಯವಾದದ್ದು ಸುರಂಗವಲ್ಲ, ತೆರೆದ ಕ್ವಾರಿಯ ಗೋಡೆ. ಮೇಲೆ ಆಕಾಶ ಇರುತ್ತದೆ, ಗಾಳಿ ಆಡುತ್ತದೆ, ಬಿಸಿಲಿನಲ್ಲಿ ಪದರು ಸ್ಪಷ್ಟವಾಗಿ ಕಾಣುತ್ತದೆ. ಹುಬ್ಬಳ್ಳಿ–ಧಾರವಾಡದ ಸುತ್ತ ಕಲ್ಲು, ಗರಸು ತೆಗೆದು ಬಿಟ್ಟ ಹೊಂಡಗಳಿಗೆ ಕೊರತೆಯಿಲ್ಲ. ಒಂದೊಂದು ಹೊಂಡದಲ್ಲೂ ಎರಡು ಮೂರು ಆಳು ಎತ್ತರದ ಹಸಿ ಕಲ್ಲಿನ ಮುಖ ತೆರೆದಿರುತ್ತದೆ. ಹಾಗೆ ತೆರೆಯಲು ವಿಶ್ವವಿದ್ಯಾಲಯವೊಂದು ಹಣ ಕೇಳಿದರೆ ಯಾರೂ ಕೊಡುವುದಿಲ್ಲ. ರಸ್ತೆ ಗುತ್ತಿಗೆದಾರರು ಪುಕ್ಕಟೆ ತೆರೆದುಕೊಟ್ಟಿದ್ದಾರೆ. ನಾವು ಅದರೊಳಗೆ ಕಟ್ಟಡದ ಕಸ ಸುರಿಯುತ್ತೇವೆ, ಕೋಳಿ ಅಂಗಡಿಯ ತ್ಯಾಜ್ಯ ಒಗೆಯುತ್ತೇವೆ, ಆಮೇಲೆ ಮಣ್ಣು ತುಂಬಿ ಸೈಟು ಹಾಕುತ್ತೇವೆ. ಮಳೆಗಾಲದಲ್ಲಿ ನೀರು ನಿಂತ ಹೊಂಡದಲ್ಲಿ ಈಜಲು ಹೋಗಿ ಹುಡುಗರು ಸತ್ತ ಸುದ್ದಿ ರಾಜ್ಯದ ಒಂದಿಲ್ಲೊಂದು ಮೂಲೆಯಿಂದ ಪತ್ರಿಕೆಗೆ ಬರುತ್ತಲೇ ಇರುತ್ತದೆ. ಹೊಂಡಕ್ಕೆ ಬೇಲಿ ಬೇಕೇ ಬೇಕು. ಬೇಲಿ ಹಾಕುವ ಖರ್ಚಿಗೇ ಇನ್ನಷ್ಟು ಸೇರಿಸಿದರೆ ಅದು ಕಲಿಯುವ ಜಾಗವಾಗುತ್ತದೆ.

ಏನೇನು ಬೇಕಾದೀತು? ಮೊದಲು, ಪದರು ಚೆನ್ನಾಗಿ ಕಾಣುವ, ಸಡಿಲ ಬಂಡೆ ಇಲ್ಲದ, ನೀರು ಹೊರಗೆ ಹರಿಯಲು ದಾರಿ ಇರುವ ಒಂದು ಗೋಡೆಯನ್ನು ಬಲ್ಲವರು ಆರಿಸಬೇಕು. ಗೋಡೆಯ ಬುಡದಿಂದ ಕೆಲವು ಮಾರು ದೂರಕ್ಕೆ ಕಟಾಂಜನ, ಒಂದೆರಡು ಕಡೆ ಮಾತ್ರ ಕೈಯಿಟ್ಟು ಮುಟ್ಟುವ ಹಾಗೆ ಭದ್ರ ಮಾಡಿದ ಜಾಗ. ಗೋಡೆಯ ಮೇಲೆ ಬಣ್ಣ ಬಳಿಯಬಾರದು, ಸಿಮೆಂಟು ಮೆತ್ತಬಾರದು, ದಯವಿಟ್ಟು ಡೈನೊಸಾರಿನ ಗೊಂಬೆ ನಿಲ್ಲಿಸಬಾರದು. ಈ ಕಲ್ಲಿಗೂ ಡೈನೊಸಾರಿಗೂ ನಡುವೆ 200 ಕೋಟಿ ವರ್ಷಕ್ಕೂ ಹೆಚ್ಚಿನ ಅಂತರವಿದೆ. ಫಲಕ ಕನ್ನಡದಲ್ಲಿರಬೇಕು, ಪಠ್ಯಪುಸ್ತಕದ ಕನ್ನಡದಲ್ಲಲ್ಲ, ಓದಿದರೆ ತಿಳಿಯುವ ಕನ್ನಡದಲ್ಲಿ. ಒರಟು–ನಯದ ಪರೀಕ್ಷೆಯನ್ನು ಮಕ್ಕಳು ತಾವೇ ಮಾಡಿ ನೋಡುವಂತಿರಬೇಕು. ವಿಶ್ವವಿದ್ಯಾಲಯದ ಆವರಣದಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ. ಅಲ್ಲಿಗೆ ಬರುವ ಶಾಲೆಯ ಬಸ್ಸುಗಳು ಇನ್ನೊಂದು ಗಂಟೆ ಇಲ್ಲಿಗೂ ಬರಬಹುದು. ಭೂವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿಗಳು ಸರದಿಯಲ್ಲಿ ವಿವರಿಸಬಹುದು. ಅವರ ಜೊತೆಗೆ ಕಲ್ಲು ಸೀಳುವ ಒಬ್ಬ ಹಿರಿಯರನ್ನೂ ಗೌರವಧನ ಕೊಟ್ಟು ಕೂರಿಸಬೇಕು ಎಂಬುದು ನನ್ನ ಹಟ. ಬ್ಲೇನಾವನ್ನಿನ ಗಣಿಯಲ್ಲಿ ಜನ ಮರೆಯದೆ ಒಯ್ಯುವುದು ಗಣಿಯವರ ಮಾತನ್ನು.

ಒಂದು ಗೋಡೆ ಸಿಕ್ಕರೆ ಅದರ ಸುತ್ತ ಒಂದು ದಿನದ ದಾರಿಯನ್ನೇ ಕಟ್ಟಬಹುದು. ನಮ್ಮ ಊರು ಕೂತಿರುವ ಜಾಗ ಅಷ್ಟು ವಿಶೇಷವಾದದ್ದು. ಪೂರ್ವಕ್ಕೆ ಎರಿ ಹೊಲಗಳ ನಡುವೆ ನೈಸ್–ಗ್ರಾನೈಟಿನ ನವಲಗುಂದ ಗುಡ್ಡ. ಉತ್ತರಕ್ಕೆ ಸವದತ್ತಿ ಹತ್ತಿರ, ಮಲಪ್ರಭೆ ಗಟ್ಟಿ ಮರಳುಗಲ್ಲಿನ ಏಣನ್ನು ಸೀಳಿಕೊಂಡು ಹೊರಬೀಳುವ ನವಿಲುತೀರ್ಥದ ಕಣಿವೆ. ಇನ್ನೂ ಮೇಲಕ್ಕೆ ಬೆಳಗಾವಿಯಲ್ಲಿ 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಡಿದ ಲಾವಾದ ಕಪ್ಪು ಕಲ್ಲು, ಅದರ ತಲೆಯ ಮೇಲೆ ಮಳೆ ಬಿಸಿಲಿಗೆ ಮಾಗಿ ಆದ ಕೆಂಪು ಜಂಬಿಟ್ಟಿಗೆ. 300 ಕೋಟಿ ವರ್ಷದಿಂದ ಇತ್ತೀಚಿನವರೆಗಿನ ನೆಲದ ಚರಿತ್ರೆಯನ್ನು ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟರಲ್ಲಿ ಕಣ್ಣಿಂದ ನೋಡಬಹುದಾದ ಊರುಗಳು ದೇಶದಲ್ಲಿ ಹೆಚ್ಚಿಲ್ಲ.

ಕರ್ನಾಟಕದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂಸ್ಮಾರಕವೆಂದು ಗುರುತಿಸಿದ ನಾಲ್ಕು ಜಾಗಗಳಿವೆ: ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಸೀಮೆಯ ಪೆದ್ದಪಲ್ಲಿಯ ಲಾವಾ–ಬೂದಿಗಲ್ಲು. ಮರಡಿಹಳ್ಳಿಯ ಕಲ್ಲು ಧಾರವಾಡ ಸರಣಿಯದೇ. ಧಾರವಾಡದ ಹೆಸರಿನ ಊರಿನಲ್ಲಿ ಮಾತ್ರ ಒಂದೂ ಇಲ್ಲ. ಇಂಥ ಜಾಗಗಳಿಗೆ ಕಾನೂನಿನ ರಕ್ಷಣೆ ಕೊಡಲು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಮಸೂದೆಯ ಕರಡೊಂದನ್ನು ಜನರ ಅಭಿಪ್ರಾಯಕ್ಕೆ ಬಿಟ್ಟಿತ್ತು. ದೊಡ್ಡ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಕ್ವಾರಿಯ ಗುತ್ತಿಗೆ ಮುಗಿದಾಗ ಅಥವಾ ಹೊಂಡವನ್ನು ತುಂಬಲು ಅನುಮತಿ ಕೇಳಿದಾಗ, ಮಹಾನಗರ ಪಾಲಿಕೆಯೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯೂ ಒಂದು ಕಾಗದವನ್ನು ವಿಶ್ವವಿದ್ಯಾಲಯದ ವಿಭಾಗಕ್ಕೆ ಕಳಿಸಲಿ. ಅಲ್ಲಿಂದ ಇಬ್ಬರು ಬಂದು ಗೋಡೆ ನೋಡಿ, ಫೋಟೊ ತೆಗೆದು, ಪದರಿನ ದಿಕ್ಕು–ಓರೆ ಅಳೆದು, ಉಳಿಸುವಂಥದ್ದೋ ಅಲ್ಲವೋ ಎಂದು ಹದಿನೈದು ದಿನದಲ್ಲಿ ಬರೆದುಕೊಡಲಿ. ಉಳಿಸುವಂಥದ್ದಲ್ಲದಿದ್ದರೆ ಅಳತೆ, ಚಿತ್ರಗಳಾದರೂ ಕಡತದಲ್ಲಿ ಉಳಿಯುತ್ತವೆ; ಆಮೇಲೆ ತುಂಬಲಿ. ಉಳಿಸುವಂಥದ್ದಾದರೆ ಆ ಒಂದು ಹೊಂಡಕ್ಕೆ ಕಸದ ಲಾರಿ ಹೋಗದಂತೆ ಆ ವಾರವೇ ಗೇಟು ಹಾಕಲಿ.